ಮಂಡಿ ಬಿಟ್ಟ ಗುಮಾಸ್ತರಿಗೆ

ಚಳ್ಳಕೆರೆ
ಸೌಮ್ಯ ಸಂವತ್ಸರದ ಆಷಾಢ, 1909ನೇ ಇಸವಿ ಜೂನ್ 22

ಚಿ. ಸೌ. ಹೊನ್ನಕ್ಕನಿಗೆ ತಿಪ್ಪೇರುದ್ರಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮವೆಂದು ಮೊದಲು ಬರೆಯುವುದು ಪದ್ಧತಿ. ನೀನು ಗಾಡಿ ಹತ್ತಿ ಮೊಳಕಾಲ್ಮೂರಿಗೆ ಹೋದ ಮೇಲೆ ಎಲ್ಲರೂ ಎಂದರೆ ನಾನೊಬ್ಬನೇ. ಆ ಒಬ್ಬನೂ ಕ್ಷೇಮವಾಗಿಲ್ಲದ್ದರಿಂದ ಆ ವಾಕ್ಯವನ್ನು ಬಿಟ್ಟಿದ್ದೇನೆ.

ಹೊಸದಾಗಿ ಮದುವೆಯಾದವಳು ಆಷಾಢದಲ್ಲಿ ತವರಿನಲ್ಲಿರಬೇಕು, ಅಳಿಯನಾದವನು ಆ ತಿಂಗಳು ಅತ್ತೆಯ ಮನೆ ಹೊಸ್ತಿಲು ದಾಟಬಾರದು ಎಂಬ ಶಾಸ್ತ್ರವನ್ನು ಬರೆದ ಮಹಾನುಭಾವ ಯಾರೋ ತಿಳಿಯದು. ಒಂದೋ ಅವನಿಗೆ ಮದುವೆಯಾಗಿರಲಿಲ್ಲ, ಇಲ್ಲವೇ ಆಗಿ ಮೂವತ್ತು ವರ್ಷವಾಗಿತ್ತು. ನಮಗೆ ಆಗಿ ಆರು ವಾರ. ಆರು ವಾರದವರ ವಿಷಯದಲ್ಲಿ ಶಾಸ್ತ್ರ ಸ್ವಲ್ಪ ಕಣ್ಣು ಮುಚ್ಚಬಹುದಿತ್ತು.

ನಿನ್ನೆ ನಾನೇ ಮುದ್ದೆ ಮಾಡಿದೆ. ಮನೆಯ ಒಡತಿ ಪಾತಮ್ಮ ಬಂದು ನೋಡಿ, "ಇದನ್ನ ತಿನ್ಬೇಡಪ್ಪ, ಹಿತ್ತಿಲ ಗೋಡೆ ಬಿರುಕು ಬಿಟ್ಟೈತೆ, ಅದಕ್ಕೆ ಮೆತ್ತು" ಎಂದಳು. ಒಲೆಯ ಕಡೆಯಿಂದ ನಿನ್ನ ಬಳೆಯ ಸದ್ದು ಬಂದ ಹಾಗಾಗಿ ಎರಡು ಸಲ ಎದ್ದು ನೋಡಿದೆ. ಒಂದು ಸಲ ಬೆಕ್ಕು. ಇನ್ನೊಂದು ಸಲ ಏನೂ ಇಲ್ಲ. ಬೆಕ್ಕಿದ್ದರೇ ವಾಸಿಯಾಗಿತ್ತು.

ಮಂಡಿಯ ವಿಷಯ ವಿಶೇಷವೇನಿಲ್ಲ. ಬೋರಣ್ಣನವರ ಹತ್ತಿ ಮಂಡಿ ಇದ್ದಲ್ಲೇ ಇದೆ. ಗುಮಾಸ್ತನ ಕೆಲಸ ಬಹಳ ಅಚ್ಚುಕಟ್ಟಾಗಿ ನಡೆಯುತ್ತಿದೆಯೆಂದು ಎಲ್ಲರೂ ಹೇಳುತ್ತಾರೆ.

ಬೇಗ ಬರೆ.

ತಿಪ್ಪೇರುದ್ರಪ್ಪ


ಮೊಳಕಾಲ್ಮೂರು
1909 ಜುಲೈ 1

ಯಜಮಾನರ ಪಾದಗಳಿಗೆ ಹೊನ್ನಕ್ಕ ಮಾಡುವ ನಮಸ್ಕಾರಗಳು.

ಕಾಗದ ಬಂತು. ಎಷ್ಟು ಸಲ ಓದಿದೆ ಅಂತ ಹೇಳಿದರೆ ನಿಮಗೆ ಜಂಬ ಬರುತ್ತದೆ, ಅದಕ್ಕೆ ಹೇಳುವುದಿಲ್ಲ.

ಬರೆಯುವುದು ಸುಲಭವಾಯಿತು, ಕಳಿಸುವುದು ಕಷ್ಟವಾಯಿತು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು. ಹಾಗಾದರೆ ಲಕೋಟೆ ಮೇಲೆ ಏನು ಬರೆಯಲಿ? ಅಪ್ಪನ ಕೈಯಲ್ಲಿ ಬರೆಸೋಣವೆಂದರೆ ಒಳಗೇನಿದೆ ಅಂತ ಕೇಳುತ್ತಾರೆ. ಟಪಾಲಿನವರು, "ಹೆಸ್ರಿಲ್ದ ಕಾಗ್ದ ಯಾರಿಗಮ್ಮ ಕೊಡಾದು?" ಅಂದರು. "ಚಳ್ಳಕೆರೆ ಬೋರಣ್ಣೋರ ಮಂಡೀಲಿ ಗುಮಾಸ್ತ್ರು ಇರೋದು ಒಬ್ರೇ. ಅವ್ರಿಗೆ" ಅಂದೆ. ಹಾಗೇ ಬರೆದಿದ್ದೇನೆ. ಹೆಸರಿಗಿಂತ ಅದೇ ಚೆನ್ನಾಗಿ ಕಾಣುತ್ತದೆ.

ಮಗ್ಗಕ್ಕೆ ಹೊಸ ಹಾಸು ಬಂದಿದೆ. ಹಳೆಯ ಹಾಸಿನ ಒಂದೊಂದು ರೇಷ್ಮೆ ಎಳೆಗೂ ಹೊಸದರ ಒಂದೊಂದು ಎಳೆ ಸೇರಿಸಿ ಕೆಚ್ಚಬೇಕು. ನಾಲ್ಕು ಸಾವಿರ ಎಳೆ. ಅವ್ವನ ಕಣ್ಣು ಮಂಜಾದ್ದರಿಂದ ನಾನೇ ಕೂತಿದ್ದೇನೆ. ಬೆರಳಿಗೆ ಕೆಲಸವಿದೆ, ಮನಸ್ಸಿಗೆ ಇಲ್ಲ. ಅದು ನಾನು ಬಂದ ತಳಕಿನ ದಾರಿ ಹಿಡಿದು ಎಲ್ಲಿಗೋ ಹೋಗುತ್ತದೆ. ಎಲ್ಲಿಗೆ ಅಂತ ಕೇಳಬೇಡಿ.

ಮುದ್ದೆಗೆ ಎಸರು ಕುದಿದ ಮೇಲೆ ಹಿಟ್ಟು ಹಾಕಬೇಕು, ಮುಂಚೆ ಅಲ್ಲ.

ಹೊನ್ನಕ್ಕ


ಮೊಳಕಾಲ್ಮೂರು
1909 ಜುಲೈ 13

ಯಜಮಾನರಿಗೆ ನಮಸ್ಕಾರ.

ಹನ್ನೆರಡು ದಿನವಾಯಿತು, ಉತ್ತರವಿಲ್ಲ. ಹತ್ತಿ ಅಷ್ಟೊಂದು ಬಂದಿದೆಯೇ?

ಇಲ್ಲೊಂದು ಕೆಟ್ಟ ಸುದ್ದಿ. ಈ ವರ್ಷ ಶ್ರಾವಣ ಎರಡು ಸಲವಂತೆ. ಮೊದಲಿನದು ಅಧಿಕ ಮಾಸ, ಅದರಲ್ಲಿ ಹೆಣ್ಣನ್ನು ಗಂಡನ ಮನೆಗೆ ಕಳಿಸಬಾರದು ಅಂತ ಅಪ್ಪ ಪಂಚಾಂಗ ತೋರಿಸಿದರು. ಒಂದು ತಿಂಗಳಿಗೆ ಅಂತ ಬಂದವಳು ಎರಡು ತಿಂಗಳು ಕೂರಬೇಕು. ಅಪ್ಪನ ಮುಖದಲ್ಲಿ ಅಷ್ಟೇನೂ ಬೇಸರ ಕಾಣಲಿಲ್ಲ.

ನಾನು ಹೊರಟ ದಿನ ಗಾಡಿಯ ಹಿಂದೆ ಕೆರೆ ಏರಿಯ ತನಕ ಓಡಿಬಂದಿರಿ. "ಏನೋ ಮರೆತಿದ್ದೆ, ಹೇಳೋಣ ಅಂತ ಬಂದೆ" ಅಂದಿರಿ. ಆಮೇಲೆ ನನ್ನ ಮುಖ ನೋಡಿ, "ಏನೂ ಇಲ್ಲ, ಹೋಗಿ ಬಾ" ಅಂದಿರಿ. ಏನದು? ನಾಲ್ಕು ಸಾವಿರ ಎಳೆಯಲ್ಲಿ ಎಳೆಗೊಂದು ಸಲ ಅದನ್ನೇ ಕೇಳಿಕೊಂಡಿದ್ದೇನೆ.

ಬರೆಯುವಾಗ ಕೂದಲು ಹಣೆಗೆ ಬಿದ್ದರೂ ನೀವು ಹಿಂದಕ್ಕೆ ಸರಿಸುವುದಿಲ್ಲ. ಈಗ ಸರಿಸುವವರೂ ಇಲ್ಲ. ನನ್ನ ಕೈ ಇಲ್ಲಿ ಸುಮ್ಮನೆ ಮೇಲೆದ್ದು ಇಳಿಯುತ್ತದೆ. ಅವ್ವ, "ಏನ್ ನೊಣವಾ?" ಅಂತ ಕೇಳಿದಳು. ಹೂಂ ಅಂದೆ.

ಹೊನ್ನಕ್ಕ


ಮೊಳಕಾಲ್ಮೂರು
1909 ಜುಲೈ 24

ಲಕೋಟೆಯ ಮೇಲೆ ಈ ಸಲ ಏನು ಬರೆದಿದ್ದೇನೆಂದು ನೋಡಿದಿರಲ್ಲ? "ಬೋರಣ್ಣನವರ ಮಂಡಿ ಬಿಟ್ಟ ಗುಮಾಸ್ತರಿಗೆ, ಪಾತಮ್ಮನ ಜಗಲಿ, ಚಳ್ಳಕೆರೆ." ಟಪಾಲಿನವರು ಓದಿ ನನ್ನ ಮುಖ ನೋಡಿದರು. ನಾನು ನುಂಕೆಮಲೆ ಬೆಟ್ಟ ನೋಡಿದೆ.

ನಿನ್ನೆ ಮಂಡಿಯಿಂದ ನನಗೊಂದು ಕಾಗದ ಬಂತು. ಇದ್ದದ್ದು ಇದ್ದ ಹಾಗೆ ನಕಲು ಮಾಡಿದ್ದೇನೆ, ಓದಿ ಸಂತೋಷಪಡಿ:

"ತಾಯೀ, ನಾನು ಕಳೆದ ತಿಂಗಳು ಇಪ್ಪತ್ತೊಂದನೇ ತಾರೀಕು ಈ ಮಂಡಿಗೆ ಬಂದ ಗುಮಾಸ್ತ ಜಂಪಣ್ಣ. ವಯಸ್ಸು ಐವತ್ತೆರಡು. ಮದುವೆಯಾಗಿಲ್ಲ. ತಮ್ಮ ಎರಡು ಕಾಗದಗಳು ಗುಮಾಸ್ತರಿಗೆ ಎಂದು ಬಂದದ್ದರಿಂದ ಒಡೆದು ಓದಿದೆ. ಎರಡನೆಯದನ್ನು ಕೂದಲ ಮಾತು ಬಂದಲ್ಲಿ ನಿಲ್ಲಿಸಿದೆ. ಕೂದಲ ಬಗ್ಗೆ: ನನ್ನ ತಲೆ ಪೂರ್ತಿ ಬೋಳು, ಹಣೆಗೆ ಬೀಳುವ ಸಂಭವವಿಲ್ಲ. ಕೆರೆ ಏರಿಗೆ ನಾನು ಓಡಿಬಂದಿಲ್ಲ, ನನಗೆ ಮಂಡಿನೋವು. ವಿಚಾರಿಸಲಾಗಿ, ಹಿಂದಿನವರು ಪಾತಮ್ಮನ ಜಗಲಿಯ ಮೇಲೆ ಕತೆ ಬರೆಯುತ್ತಾರೆಂದು ತಿಳಿಯಿತು. ಕಾಗದಗಳನ್ನು ಅಲ್ಲಿಗೆ ಮುಟ್ಟಿಸುತ್ತೇನೆ. ತಪ್ಪು ತಿಳಿಯಬಾರದು."

ಊರಿಗೆಲ್ಲ ಗೊತ್ತು, ಜಂಪಣ್ಣನವರಿಗೆ ಗೊತ್ತು. ನಿಮ್ಮ ಬೆಕ್ಕಿಗೂ ಗೊತ್ತಿರಬೇಕು.

ಬೇರೇನೂ ಬರೆಯಲು ತೋಚುತ್ತಿಲ್ಲ.

ಹೊ.


ಚಳ್ಳಕೆರೆ
1909 ಜುಲೈ 30

ಚಿ. ಸೌ. ಹೊನ್ನಕ್ಕನಿಗೆ ಆಶೀರ್ವಾದಗಳು, ಈಗ ಅವನ್ನು ತೆಗೆದುಕೊಳ್ಳುತ್ತೀಯೋ ವಾಪಸು ಕಳಿಸುತ್ತೀಯೋ ತಿಳಿಯದು.

ಜಂಪಣ್ಣನವರು ನಿನ್ನ ಎರಡು ಕಾಗದಗಳನ್ನೂ ಹಾವಿನ ಬುಟ್ಟಿ ಹಿಡಿದವರಂತೆ ತೋಳು ಮುಂದೆ ಚಾಚಿಕೊಂಡು ತಂದರು. "ನಾನೇನೂ ಓದಿಲ್ಲಪ್ಪ" ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಆ ಮಗಳ್ನ ಅಳಿಸ್ಬೇಡ" ಎಂದರು.

ಕೆರೆ ಏರಿಗೆ ನಾನು ಓಡಿಬಂದದ್ದು ಮಂಡಿ ಬಿಡುತ್ತೇನೆಂದು ಹೇಳುವುದಕ್ಕೆ. ನೀನು ಗಾಡಿಯಿಂದ ತಲೆ ಹೊರಗೆ ಹಾಕಿ ನಕ್ಕೆ. ಆ ನಗು ಮಂಡಿ ಗುಮಾಸ್ತನ ಹೆಂಡತಿಯದು. ಅದನ್ನು ಕೆಡಿಸುವ ಧೈರ್ಯ ಬರಲಿಲ್ಲ.

ಬಿಟ್ಟದ್ದು ಹೀಗೆ. ಹತ್ತಿ ಬಂತೆಂದು ದಾವಣಗೆರೆಯ ವ್ಯಾಪಾರಿಗೆ ಒಂದು ಸಾಲು ಬರೆಯಬೇಕಿತ್ತು. ಹತ್ತಿ ತಂದ ಗಾಡಿಯವನು ಮಗಳ ಮದುವೆಯ ಕತೆ ಹೇಳುತ್ತ ಕೂತಿದ್ದ. ಅದೂ ಕಾಗದದೊಳಗೆ ಸೇರಿಹೋಯಿತು. ಬೋರಣ್ಣನವರು ಕರೆದರು.

"ತಿಪ್ಪೇರುದ್ರಪ್ಪ, ಹತ್ತಿ ಬಂತು ಅಂತ ಬರಿ ಅಂದೆ. ನೀನು ಹತ್ತಿ ಹೆಂಗ್ ಬಂತು ಅಂತ ನಾಲ್ಕು ಹಾಳೆ ಬರ್ದಿದೀಯ. ಈಗ ದಾವಣಗೆರೆಯೋರು ಹತ್ತಿ ವಿಷ್ಯನೇ ಎತ್ತಿಲ್ಲ. ಆ ಗಾಡಿಯೋನ ಮಗಳ ಮದುವೆ ಆತಾ ಇಲ್ವಾ ಅಂತ ಕೇಳವ್ರೆ. ಏನ್ ಹೇಳ್ಲಿ?"

"ಆಗ್ಲಿಲ್ಲ ಅಂತ ಹೇಳಿ ಅಣ್ಣಾರೆ. ಹಸೆ ಮಣೆಯಿಂದ ವರ ಎದ್ದು ಓಡಿಹೋದ."

ಬೋರಣ್ಣನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ದನಿ ತಗ್ಗಿಸಿ, "ಎಲ್ಲಿಗೆ?" ಎಂದು ಕೇಳಿದರು.

ಹೊನ್ನೀ, ಆ ಒಂದು ಮಾತಿಗೆ ನಾನು ಕೆಟ್ಟೆ. ಒಂಬತ್ತು ವರ್ಷ ಅವರ ಲೆಕ್ಕ ಬರೆದಿದ್ದೇನೆ. ಒಂದು ದಿನವೂ ಅವರು ಹಾಳೆಯಿಂದ ತಲೆಯೆತ್ತಿ ಹೀಗೆ ಕೇಳಿರಲಿಲ್ಲ.

ಈಗ ಜಗಲಿಯ ಕಂಬಕ್ಕೆ ಹಲಗೆ ಕಟ್ಟಿದ್ದೇನೆ: ಕತೆ ಹೇಳುವವರಿದ್ದರೆ ಬರೆದುಕೊಡಲಾಗುವುದು; ಬರೆದವರಿದ್ದರೆ ತಿದ್ದಿಕೊಡಲಾಗುವುದು; ತಿದ್ದಿದ್ದನ್ನು ಬೆಂಗಳೂರಿನ ಅಚ್ಚಿನ ಮನೆಗೆ ಕಳಿಸಿಕೊಡಲಾಗುವುದು. ಮೊದಲ ದಿನ ಬಂದವನು ಪಕ್ಕದ ಮನೆಯ ಮೇಕೆಯ ಮೇಲೆ ಅರ್ಜಿ ಬರೆಸಲು ಬಂದಿದ್ದ. ಆಮೇಲೆ ಸಣ್ಣತಿಮ್ಮಪ್ಪ ಮೇಷ್ಟ್ರು ತಮ್ಮ ನಾಟಕ ತಂದರು. ಹದಿನೇಳು ರಾಜರು, ಒಬ್ಬಳೇ ರಾಣಿ. ಹನ್ನೆರಡು ರಾಜರನ್ನು ಮೊದಲನೇ ಅಂಕದ ಯುದ್ಧದಲ್ಲೇ ತೀರಿಸಿಕೊಟ್ಟೆ. ಮೇಷ್ಟ್ರು ಕಣ್ಣೊರೆಸಿಕೊಂಡು ಎರಡು ಸೇರು ಹುರುಳಿ ಕೊಟ್ಟು ಹೋದರು.

ನಿಜವಾದ ಗ್ರಂಥಕರ್ತ ಮೂರನೆಯವನು. ಹೆಸರು ಕ್ಯಾತಣ್ಣ. ಸರ್ಕಾರದ ಅಮೃತ ಮಹಲಿನ ದನ ಮೇಯುವ ಕಾವಲಿನಲ್ಲಿ ಮೂವತ್ತು ವರ್ಷ ಅವುಗಳ ಹಿಂದೆ ನಡೆದ ಮುದುಕ. ಅಕ್ಷರ ಬಾರದು. ತಾನು ಸಾಕಿದ ಒಂದು ಹೋರಿಯ ಚರಿತ್ರೆ ಅಚ್ಚಾಗಬೇಕಂತೆ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ, ಸಂಜೆ ಓದಿ ಹೇಳುತ್ತೇನೆ. "ಹೋರಿ ಹಂಗೆ ಉಸಿರು ಬಿಡಲ್ಲ ಕಣಪ್ಪ" ಎಂದು ತಿದ್ದುತ್ತಾನೆ. ಎಂಟು ಹಾಳೆ ಇದರೊಂದಿಗಿದೆ. ಓದಿ ಏನೆನ್ನಿಸಿತೆಂದು ಬರೆ. ಬೈದಾದರೂ ಬರೆ.

ತಿಪ್ಪೇರುದ್ರಪ್ಪ


ಮೊಳಕಾಲ್ಮೂರು
1909 ಆಗಸ್ಟ್ 7

ಯಜಮಾನರಿಗೆ ನಮಸ್ಕಾರ.

ನೀವು ಮಂಡಿ ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ನಗುವಿಗೆ ಸಂಬಳ ಬೇಕು ಅಂತ ನೀವೇ ತೀರ್ಮಾನ ಮಾಡಿಕೊಂಡಿರಲ್ಲ, ಅದಕ್ಕೆ. ಗಾಡಿಯಲ್ಲಿ ನಾನು ನಕ್ಕದ್ದು ನಿಮ್ಮ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ ಅಂತ.

ಅಪ್ಪನಿಗೆ ವಿಷಯ ಗೊತ್ತಾಯಿತು. ಅವರು ಸಿಟ್ಟು ಬಂದರೆ ತೆಲುಗಿಗೆ ಹೋಗುತ್ತಾರೆ. "ಕಥಲು ರಾಸೇವಾಡಿಕಿ ಪಿಲ್ಲನಿಚ್ಚಾನಾ ನೇನು" ಅಂತ, ಕತೆ ಬರೆಯುವವನಿಗಾ ಹೆಣ್ಣು ಕೊಟ್ಟೆ ನಾನು ಅಂತ, ಮಗ್ಗದ ಮೇಲೇ ಕೂತು ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಕನ್ನಡಕ್ಕೆ ಬಂದರು. "ನಿನ್ನ ಅಳಿಯ ಏನ್ ಮಾಡ್ತಾನೆ ಅಂತ ಬೀದೀಲಿ ಕೇಳಿದ್ರೆ ಬಾಯ್ತುಂಬ ಹೇಳಂಗಿರ್ಬೇಕು. ಅಲ್ಲೀಗಂಟ ನಿನ್ನ ಕಳಿಸಲ್ಲ" ಅಂದರು. ನಾನು ಎಳೆ ಕೆಚ್ಚುತ್ತಾ ಇದ್ದೆ.

ಎಂಟು ಹಾಳೆ ಓದಿದೆ. ಹೋರಿ ಚೆನ್ನಾಗಿದೆ. ಅದಕ್ಕೆ ಕಾಯಿಲೆ ಬಂದ ಕಡೆ ಅವ್ವನಿಗೂ ಓದಿ ಹೇಳಿದೆ, ಅತ್ತಳು. ಆದರೆ ಒಂದು ಕಡೆ ಎಳೆ ಬಿಟ್ಟಿದೆ. ಕ್ಯಾತಣ್ಣ ವರ್ಷಕ್ಕೆ ಎಂಟು ತಿಂಗಳು ದನದ ಹಿಂದೆ ಕಾವಲಿಂದ ಕಾವಲಿಗೆ ಹೋಗುತ್ತಾನೆ. ಹೋರಿ ಏನು ತಿಂದಿತು, ಎಲ್ಲಿ ಮಲಗಿತು ಎಲ್ಲ ಇದೆ. ಮನೆಯಲ್ಲಿ ಹೆಂಡತಿ ಇದ್ದಳೋ ಇಲ್ಲವೋ? ಇದ್ದರೆ ಆ ಎಂಟು ತಿಂಗಳು ಏನು ಮಾಡಿದಳು? ಒಂದು ಎಳೆ ಬಿಟ್ಟರೆ ಸೀರೆಯ ಉದ್ದಕ್ಕೂ ಗೆರೆ ಕಾಣುತ್ತದೆ. ಕೇಳಿ ಬರೆಯಿರಿ.

ಹೊನ್ನಕ್ಕ


ಚಳ್ಳಕೆರೆ
1909 ಆಗಸ್ಟ್ 16

ಚಿ. ಸೌ. ಹೊನ್ನಕ್ಕನಿಗೆ ಆಶೀರ್ವಾದಗಳು.

ಗ್ರಂಥಕರ್ತರನ್ನು ತಿದ್ದಲು ಹಲಗೆ ಕಟ್ಟಿಕೊಂಡವನು ನಾನು. ಎಂಟು ಹಾಳೆಯಲ್ಲಿ ಒಬ್ಬ ಹೆಂಗಸು ಇಲ್ಲದ್ದು ನನಗೆ ಕಾಣಲಿಲ್ಲ. ಹಲಗೆಯನ್ನು ಅರ್ಧ ದಿನ ತಿರುಗಿಸಿ ಕಟ್ಟಿದ್ದೆ.

ನಿನ್ನ ಪ್ರಶ್ನೆಯನ್ನು ಕ್ಯಾತಣ್ಣನಿಗೆ ಓದಿ ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, "ಅವ್ಳು ಮನೇಲಿದ್ಲು" ಎಂದ.

"ಏನ್ ಮಾಡ್ತಿದ್ಲು?"

"ಇದ್ಲು."

ಇಷ್ಟಕ್ಕೆ ಗ್ರಂಥವಾಗುವುದಿಲ್ಲ ಎಂದು ಅವನನ್ನು ಎಬ್ಬಿಸಿಕೊಂಡು ಅವನ ಮನೆಗೇ ಹೋದೆ. ಅವನ ಹೆಂಡತಿ ಲಕ್ಷ್ಮಕ್ಕ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಕ್ಯಾತಣ್ಣ ದೂರದಲ್ಲೇ ನಿಂತು ಕೇಳಿದ, "ಏನೇ, ನಾನು ಕಾವಲಿಗೆ ಹೋಗ್ತಿದ್ನಲ್ಲ, ಆವಾಗ ನೀನೇನ್ ಮಾಡ್ತಿದ್ದೆ?"

"ಹೋಗಿದ್ದು ನಲವತ್ತು ವರ್ಸದ ಕೆಳಗೆ. ಈಗ ಕೇಳ್ತೀಯಾ?"

"ಪುಸ್ತಕಕ್ಕೆ ಬೇಕಂತೆ."

"ಪುಸ್ತಕಕ್ಕೆ ಬೇಕಾತು ಅಂತ ಕೇಳ್ತೀಯ ಅನ್ನು." ಲಕ್ಷ್ಮಕ್ಕ ಮೆಣಸಿನಕಾಯಿ ಹರಡುವುದನ್ನು ನಿಲ್ಲಿಸಲಿಲ್ಲ. "ನೀನು ಬರೋ ದಿನ ಯಾರಿಗ್ ಗೊತ್ತಿತ್ತು? ಅದ್ಕೇ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ತಿದ್ದೆ. ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ನಾಯಿಗೆ ಹಾಕ್ತಿದ್ದೆ. ನೀನು ಬರ್ದೇ ಇರ್ಲಿ ಅಂತ ಆ ನಾಯಿ ಹರಕೆ ಹೊತ್ತಿತ್ತು ಕಾಣುತ್ತೆ. ಚೆನ್ನಾಗಿ ಮೈ ಬಂದಿತ್ತು ಅದಕ್ಕೆ."

ಕ್ಯಾತಣ್ಣ ನಗಲಿಲ್ಲ. ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿ ಹರಡತೊಡಗಿದ. "ಒತ್ತೊತ್ತಾಗಿ ಹಾಕ್ಬೇಡ" ಎಂದು ಅವಳು ಬೈದಳು. ನಾನು ಅಲ್ಲಿಂದ ಎದ್ದುಬಂದೆ. ಆ ಅಧ್ಯಾಯ ಬರೆದಿದ್ದೇನೆ. ಈವರೆಗೆ ಬರೆದದ್ದರಲ್ಲಿ ಅದೊಂದೇ ನನಗೆ ಹಿಡಿಸಿದ್ದು. ಆದರೆ ಅದು ನನ್ನ ಕೈಯಿಂದ ಇನ್ನೇನನ್ನೋ ಮಾಡಿಸಿದೆ.

ಜಂಪಣ್ಣನವರಿಗೆ ಹಿರಿಯೂರಿಗೆ ವಾಪಸು ಹೋಗಬೇಕಂತೆ. ಬೋರಣ್ಣನವರು ನನ್ನನ್ನು ಕರೆಸಿ, "ಬಾರಪ್ಪ ನಿನ್ನ ಜಾಗಕ್ಕೆ. ಕಾಗ್ದದಾಗೆ ಗಾಡಿಯೋರು ಮಾತ್ರ ಬರಕೂಡದು" ಎಂದರು. ಆಗಲಿ ಎಂದೆ. ನಿಜ ಶ್ರಾವಣದ ಮೊದಲ ಸೋಮವಾರ, ಇಪ್ಪತ್ತಮೂರನೇ ತಾರೀಕು, ಮಂಡಿಗೆ ಹೋಗುತ್ತೇನೆ. ಮಾವನವರಿಗೆ ಹೇಳು, ಅಳಿಯ ಗುಮಾಸ್ತನೆಂದು ಬೀದಿಯಲ್ಲಿ ಬಾಯ್ತುಂಬ ಹೇಳಲಿ, ನಿನ್ನನ್ನು ಕಳಿಸಲಿ. ನಾನೂ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಿದ್ದೇನೆ, ನಾಯಿಯೂ ಮುಟ್ಟುವುದಿಲ್ಲ.

ಕತೆ ಬರೆಯದೆ ಸುಖವಾಗಿ ಇರಬಲ್ಲೆನೆಂದು ಪ್ರಮಾಣ ಮಾಡಿ ಬರೆಯುತ್ತಿದ್ದೇನೆ. ನಾನು ಬರೆದ ಕತೆಗಳಲ್ಲೆಲ್ಲ ನಂಬಲು ಕಷ್ಟವಾದದ್ದು ಇದೇ. ನೀನು ನಂಬು.

ತಿಪ್ಪೇರುದ್ರಪ್ಪ


ಮೊಳಕಾಲ್ಮೂರು
1909 ಆಗಸ್ಟ್ 20

ಯಜಮಾನರ ಪಾದಗಳಿಗೆ ಹೊನ್ನಕ್ಕ ಮಾಡುವ ನಮಸ್ಕಾರಗಳು.

ಸೋಮವಾರಕ್ಕೆ ಮುಂಚೆ ಇದು ನಿಮ್ಮ ಕೈ ಸೇರಲಿ ಅಂತ ಬೆಟ್ಟದ ನುಂಕಪ್ಪನಿಗೆ ಕೈಮುಗಿದು ಬರೆಯುತ್ತಿದ್ದೇನೆ. ಮಂಡಿಗೆ ಹೋಗಬೇಡಿ.

ಹೇಳಬೇಕಾದ್ದನ್ನು ಹೇಳದೆ ಇದ್ದವರು ನೀವೊಬ್ಬರೇ ಅಲ್ಲ. ಈ ಬೀದಿಯಲ್ಲಿ ರೇಷ್ಮೆ ಎಳೆಯನ್ನು ಗಂಟು ಕಾಣದ ಹಾಗೆ ಬೇಗ ಕೆಚ್ಚುವವಳು ಅವ್ವ. ಅವಳ ಕಣ್ಣು ಹೋಯಿತು. ಈಗ ನಾನು. ಅಪ್ಪನಿಗೆ ನೀವು ಕೆಲಸ ಬಿಟ್ಟದ್ದಕ್ಕಿಂತ ನನ್ನ ಬೆರಳು ಮನೆ ಬಿಡುತ್ತದೆ ಅನ್ನುವುದು ದೊಡ್ಡ ಚಿಂತೆ. ನನಗೆ ಮೊದಲ ದಿನದಿಂದ ಗೊತ್ತಿತ್ತು. ತವರಿನ ಗುಟ್ಟು ಗಂಡನಿಗೆ ಬಿಟ್ಟುಕೊಡಬಾರದು ಅಂತ ಸುಮ್ಮನಿದ್ದೆ. ನಿಮ್ಮ ಕಾಗದ ಓದಿ ಮಗ್ಗದ ಹತ್ತಿರ ಹೋದೆ.

"ಅಪ್ಪಾ, ಅವ್ರು ಮತ್ತೆ ಮಂಡಿಗೆ ಹೋಗ್ತಾರಂತೆ. ನನ್ನ ಕಳಿಸ್ತೀಯಾ?"

ಅಪ್ಪ ಲಾಳಿ ಕೈಯಲ್ಲಿ ಹಿಡಿದುಕೊಂಡೇ, "ದಸರಾ ಹಾಸು ಮುಗೀಲಿ" ಅಂದರು.

"ದಸರಾ ಆದ್ಮೇಲೆ?"

"ದೀಪಾವಳಿ ಹಾಸು ಐತಲ್ಲ."

"ಆಮೇಲೆ?"

ಅಪ್ಪ ಮುಖ ಆ ಕಡೆ ತಿರುಗಿಸಿ, "ನಿಮ್ಮವ್ವನ ಕಣ್ಣು ಬರಾದಿಲ್ಲ ಕಣಮ್ಮ" ಅಂದರು. ಅವರ ಮೇಲೆ ಸಿಟ್ಟು ಮಾಡೋಣವೆಂದು ಹೋದವಳು ಪಕ್ಕದಲ್ಲೇ ಕೂತುಬಿಟ್ಟೆ.

ಅದಕ್ಕೆ ಹೀಗೆ ಯೋಚನೆ ಮಾಡಿದ್ದೇನೆ. ಮಗ್ಗ ಹೊತ್ತುಕೊಂಡು ನಾನು ಚಳ್ಳಕೆರೆಗೆ ಬರಲಾರೆ. ಮಂಡಿ ಹೊತ್ತುಕೊಂಡು ನೀವು ಇಲ್ಲಿಗೆ ಬರಲಾರಿರಿ. ದೌತಿ, ಲೇಖನಿ ಬಗಲಲ್ಲಿ ಹಿಡಿಯುತ್ತವೆ. ಹಿಂದಿನ ಬೀದಿಯಲ್ಲಿ ಬೋರಕ್ಕನ ಮನೆಯದು ಒಂದು ಕೋಣೆ ಖಾಲಿ ಇದೆ, ಮಾತಾಡಿದ್ದೇನೆ. ಬಾಡಿಗೆ ಕೊಡುವುದು ನಾವು, ಒಲೆ ನಮ್ಮದು. ಮನೆ ಅಳಿಯ ಅಂತ ಯಾರೂ ಅನ್ನುವ ಹಾಗಿಲ್ಲ. ಹಗಲು ನಾನು ಎಳೆ ಕೆಚ್ಚಿ ಬರುತ್ತೇನೆ, ನೀವು ನಿಮ್ಮದು ಬರೆಯಿರಿ. ಹೆಣ್ಣುಮಕ್ಕಳ ಸ್ಕೂಲಿನ ಉಪಾಧ್ಯಾಯಿನಿ ಒಬ್ಬರು ಮಕ್ಕಳ ಪದ್ಯ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಅಚ್ಚಿಗೆ ಕಳಿಸುವುದು ಹೇಗೆಂದು ತಿಳಿಯದು. ನೀವು ಬರುತ್ತೀರಿ ಅಂತ ಹೇಳಿಬಿಟ್ಟಿದ್ದೇನೆ.

ಹೊಟ್ಟೆ ತುಂಬುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಮಂಡಿಯಲ್ಲಿ, ನಾನು ಮಗ್ಗದಲ್ಲಿ, ನಡುವೆ ಟಪಾಲು ಅಂತ ಇದ್ದರೆ ತುಂಬಿದ ಹೊಟ್ಟೆಯಲ್ಲಿ ಲಕ್ಷ್ಮಕ್ಕನ ಹಾಗೆ ಮುದುಕಿಯಾಗುತ್ತೇನೆ.

ಬೀದಿಯಲ್ಲಿ ಕೇಳಿದವರಿಗೆ ಅಪ್ಪ ಇನ್ನೂ ಏನೂ ಹೇಳಿಲ್ಲ. ಆದರೆ ನಿನ್ನೆ ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡು, "ಆ ಹೋರಿ ಎದ್ದು ನಿಂತ್ಕಂತಾ?" ಅಂತ ಕೇಳಿದರು.

ಹೊನ್ನಕ್ಕ


ಚಳ್ಳಕೆರೆ
1909 ಆಗಸ್ಟ್ 27, ಮಧ್ಯಾಹ್ನ

ಚಿ. ಸೌ. ಹೊನ್ನಕ್ಕನಿಗೆ.

ಹಳ್ಳ ಬಂದು ಟಪಾಲು ದಾರಿಯಲ್ಲೇ ನಿಂತಿತ್ತು. ನಿನ್ನ ಕಾಗದ ಈ ದಿನ ಬೆಳಿಗ್ಗೆ ಮಂಡಿಯಲ್ಲಿ ನನ್ನ ಕೈ ಸೇರಿತು. ಹೌದು, ಮಂಡಿಯಲ್ಲೇ. ಸೋಮವಾರದಿಂದ ಕೂತಿದ್ದೆ. ನಾಲ್ಕು ದಿನದಲ್ಲಿ ಹದಿನಾರು ಕಾಗದ ಬರೆದೆ, ಒಂದೊಂದು ಸಾಲಿನವು. ಬೋರಣ್ಣನವರು ಪ್ರತಿಯೊಂದನ್ನೂ ಓದಿ, ಹಿಂದೆ ತಿರುಗಿಸಿ ನೋಡಿ, "ಇಷ್ಟೇನಾ?" ಎಂದು ಕೇಳುತ್ತಿದ್ದರು.

ನಿನ್ನ ಕಾಗದವನ್ನು ಒಂದು ಸಲ ನಿಂತು ಓದಿದೆ, ಒಂದು ಸಲ ಕೂತು ಓದಿದೆ. ಆಮೇಲೆ ಅವರ ಮುಂದೆ ಹೋಗಿ ನಿಂತೆ. "ಹೆಂಡ್ತಿ ಕರ್ದಳಾ?" ಎಂದರು. ತಲೆಯಾಡಿಸಿದೆ. "ಒಂದೇ ಮಂಡಿನ ಎಲ್ಡು ಸತಿ ಬಿಟ್ಟೋನು ಈ ಸೀಮೆಗೆ ನೀನೊಬ್ನೇ ಕಣಪ್ಪ" ಎಂದು ಎಲೆಯಡಿಕೆ ಕೊಟ್ಟರು. ಜಂಪಣ್ಣನವರು ಹಿರಿಯೂರಿಗೆ ಕಟ್ಟಿದ್ದ ಗಂಟನ್ನು ಬಿಚ್ಚಿದರು.

ಕ್ಯಾತಣ್ಣನಿಗೆ ಗ್ರಂಥ ಅರ್ಧಕ್ಕೆ ನಿಂತಿತೆಂದು ಹೇಳಲು ಸಂಕಟದಿಂದ ಹೋದೆ. "ಮೊಳಕಾಲ್ಮೂರು ಒಂದು ದೂರವಾ? ನಾನೇ ಬಂದು ಹೇಳ್ತೀನಿ" ಎಂದ. ಒಳಗಿನಿಂದ ಲಕ್ಷ್ಮಕ್ಕ, "ಈ ಸಲ ನಾನೂ ಬರ್ತೀನಿ" ಎಂದಳು. ಬೋರಕ್ಕನ ಕೋಣೆ ಎಷ್ಟು ದೊಡ್ಡದೆಂದು ನೀನು ಬರೆದಿಲ್ಲ.

ನನಗೆ ಭಯವಿದೆ, ಹೊನ್ನೀ. ಅಚ್ಚಿನ ಮನೆಯವರಿಂದ ಇನ್ನೂ ಒಂದು ಅಕ್ಷರ ಬಂದಿಲ್ಲ. ಇದನ್ನು ಮುಚ್ಚಿಡದೆ ಬರೆದಿದ್ದೇನೆಂದು ಗಮನಿಸು, ಈಗೀಗ ಕಲಿಯುತ್ತಿದ್ದೇನೆ.

ಗಾಡಿ ಸಿಗುವುದು ಭಾನುವಾರವಂತೆ. ಭಾನುವಾರದ ತನಕ ಕಾಯುವುದು ನನ್ನಿಂದ ಆಗುವುದಿಲ್ಲ. ಈಗಲೇ ನಡೆದು ಹೊರಡುತ್ತೇನೆ. ಹೊತ್ತು ಮುಳುಗುವುದರೊಳಗೆ ದಾರಿಯಲ್ಲಿರುವ ತಳಕು ಸೇರಬಹುದು. ಟಪಾಲು ಹೊರಡುವುದು ನಾಳೆ. ಆದ್ದರಿಂದ ಈ ಕಾಗದಕ್ಕಿಂತ ಮುಂಚೆ ನಾನೇ ಬಂದಿರುತ್ತೇನೆ. ಆಮೇಲೆ ಯಾವಾಗಲಾದರೂ ಇದು ಬಂದರೆ ನೀನೇ ಒಡೆದು, ನೀನೇ ಓದಿಕೊಂಡು, ಎತ್ತಿಡು. ನಿನ್ನ ಎದುರಿಗೆ ಕೂತವನಿಗೆ ಕಾಗದ ಓದುವ ಪುರುಸೊತ್ತಿರುವುದಿಲ್ಲ.

ತಿಪ್ಪೇರುದ್ರಪ್ಪ